ನಾವು ಮೂಲ ಖಾನಾಪುರದವರು

ನಮ್ಮ ಬೆಳಗಾವಿಯ ಮನೆಯಲ್ಲಿ ಟಿ.ವಿ. ಪಕ್ಕಕ್ಕೆ ಒಂದು ಹಿತ್ತಾಳೆಯ ಸೇರು ಇದೆ. ಅಕ್ಕಿ ಅಳೆಯಲಿಕ್ಕೆ ಮಾಡಿದ ಆ ಪಾತ್ರೆ ಈಗ ಎರಡು ರಿಮೋಟು, ಒಂದು ಥರ್ಮಾಮೀಟರು ಮತ್ತು ಬರೆಯಲಾರದ ನಾಲ್ಕು ಪೆನ್ನುಗಳನ್ನು ಹೊತ್ತು ನಿಂತಿದೆ. ಮನೆಗೆ ಬಂದವರು ಯಾರಾದರೂ ಅದನ್ನು ಎತ್ತಿ ನೋಡಿ, ಬಹಳ ಹಳೆಯದೇನ್ರಿ ಎಂದು ಕೇಳಿಬಿಟ್ಟರೆ ನನಗೆ ಹಬ್ಬ. ‘ನಾವು ಮೂಲ ಖಾನಾಪುರದವರ್ರಿ’ ಎಂದು ಶುರುಮಾಡುತ್ತೇನೆ. ಅಷ್ಟು ಹೊತ್ತಿಗೆ ನನ್ನ ಹೆಂಡತಿ ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗಿರುತ್ತಾಳೆ. ಈ ಕಥೆ ಅವಳಿಗೆ ಬಾಯಿಪಾಠ.

‘ಮೂಲ’ ಎಂಬುದು ನಮ್ಮ ಕಡೆಯ ಒಂದು ಚಟ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಊರು ಕೇಳುತ್ತಾರೆ, ಬೆಳಗಾವಿ ಎಂದರೆ ಅವರಿಗೆ ಸಮಾಧಾನವಾಗುವುದಿಲ್ಲ. ಅದು ಸರಿ, ಮೂಲ ಯಾವೂರು ಎನ್ನುತ್ತಾರೆ. ಒಮ್ಮೆ ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಎರಡು ಸಲಕರಣೆ ಇಟ್ಟುಕೊಂಡೇ ಈ ಪ್ರಶ್ನೆ ಕೇಳಿದರು. ನಾನು ಆ ಸ್ಥಿತಿಯಲ್ಲೂ ಖಾನಾಪುರ ಎಂದು ಹೇಳಲು ಪ್ರಯತ್ನಪಟ್ಟೆ. ಅವರಿಗೆ ಏನು ಕೇಳಿಸಿತೋ, ಇನ್ನೊಂದು ಇಂಜೆಕ್ಷನ್ ಕೊಟ್ಟರು.

ಮಲಪ್ರಭೆಯ ದಂಡೆಯ ಖಾನಾಪುರ ಸಣ್ಣ ಊರು. ಸಣ್ಣದಾದಷ್ಟೂ ಅಲ್ಲಿ ‘ಮೂಲ’ದವರ ಸಂಖ್ಯೆ ಹೆಚ್ಚು. ಅವರಲ್ಲೆಲ್ಲ ಹೆಚ್ಚು ಮೂಲದವಳೆಂದರೆ ನನ್ನ ದೊಡ್ಡವ್ವ ನೀಲವ್ವ. ನನ್ನ ತಂದೆಗೆ ಲೋಂಡಾದಲ್ಲಿ ರೈಲ್ವೆ ಕೆಲಸವಿತ್ತು. ಅಲ್ಲಿ ಕಾಡು ಬಹಳ, ಸಾಲೆ ಕಡಿಮೆ ಎಂದು ನನ್ನನ್ನು ಖಾನಾಪುರದಲ್ಲಿ ದೊಡ್ಡಪ್ಪ-ದೊಡ್ಡವ್ವರ ಹತ್ತಿರ ಬಿಟ್ಟಿದ್ದರು. ಅವರಿಗೆ ಮಕ್ಕಳಿರಲಿಲ್ಲವಾದ್ದರಿಂದ ಅವರ ಎಲ್ಲ ಪ್ರೀತಿಯೂ, ಎಲ್ಲ ಬೈಗುಳವೂ ನನ್ನೊಬ್ಬನ ಪಾಲಿಗೇ ಬಂತು. ದೊಡ್ಡವ್ವ ಹುಟ್ಟಿದ್ದು ಬೈಲಹೊಂಗಲದ ಕಡೆ. ಆದರೆ ಸೊಸೆಯಾಗಿ ಬಂದವರು ಮನೆತನದ ಬಗ್ಗೆ ಪಡುವ ಹೆಮ್ಮೆ, ಆ ಮನೆಯಲ್ಲೇ ಹುಟ್ಟಿದವರಿಗೆ ಎಲ್ಲಿಂದ ಬರಬೇಕು? ನಮ್ಮ ಹಿರಿಯರು ಬಿಳಿ ಕುದುರೆಯ ಮೇಲೆ ಕೂತು ಬಂದರಂತೆ, ಹೊಳೆಯ ದಂಡೆಯಲ್ಲಿ ಕುದುರೆ ನಿಂತಿತಂತೆ, ಅಲ್ಲೇ ಊರು ಹುಟ್ಟಿತಂತೆ. ಕುದುರೆ ಎಲ್ಲಿಂದ ಬಂತು ಎಂದು ನಾನು ಒಮ್ಮೆ ಕೇಳಿದ್ದೆ. ಊಟ ಮಾಡುವಾಗ ಮಾತಾಡಬಾರದು ಎಂಬ ಉತ್ತರ ಸಿಕ್ಕಿತು.

ನಮ್ಮ ಮನೆತನದ ದೊಡ್ಡಸ್ತಿಕೆಗೆ ಎರಡು ಗುರುತುಗಳಿದ್ದವು. ಮಳೆಗಾಲದಲ್ಲಿ ಹೊಳೆಗೆ ಹೊಸ ನೀರು ಬಂದಾಗ ಮೊದಲ ಬಾಗಿನ ನಮ್ಮ ಮನೆಯದು. ಅದಕ್ಕೂ ಮೊದಲು, ಮಿರಗದ, ಅಂದರೆ ಮೃಗಶಿರಾ ಮಳೆ ಹಿಡಿಯುವ ಎಂಟು ದಿನ ಮುಂಚೆ, ಗೌಳಿ ಧೋಂಡೂಬಾಯಿಗೆ ದಾನ.

ಧೋಂಡೂಬಾಯಿ ಲೋಂಡಾ ದಾರಿಯಲ್ಲಿ ಕಾಡಿನ ಅಂಚಿಗಿದ್ದ ಗೌಳಿವಾಡಾದವಳು, ಎಮ್ಮೆ ಸಾಕುವ ಗೌಳಿಗರ ಕೇರಿಯವಳು. ಆರೆಂಟು ಮನೆ, ಆ ಮನೆಗಳಿಗಿಂತ ದೊಡ್ಡದಾದ ಎಮ್ಮೆಗಳ ದಡ್ಡಿ. ವಾರಕ್ಕೊಮ್ಮೆ ಮುತ್ತಗದ ಎಲೆಯಲ್ಲಿ ಬೆಣ್ಣೆ ಕಟ್ಟಿಕೊಂಡು ಬರುತ್ತಿದ್ದಳು. ದೊಡ್ಡವ್ವ ಉಗುರಿನಿಂದ ಚೂರು ತೆಗೆದು ಮೂಸಿ, ಹೋದ ವಾರದಷ್ಟು ಛಲೋ ಇಲ್ಲ ಎನ್ನುವಳು. ಹೋದ ವಾರವೂ ಅದನ್ನೇ ಹೇಳಿರುತ್ತಿದ್ದಳು.  ದೊಡ್ಡವ್ವನನ್ನು ಧೋಂಡೂಬಾಯಿ ಕರೆಯುತ್ತಿದ್ದುದು ‘ಸೂನಬಾಯಿ’ ಎಂದು. ಮರಾಠಿಯಲ್ಲಿ ಹಾಗೆಂದರೆ ಸೊಸೆ. ದೊಡ್ಡವ್ವನ ಅತ್ತೆ ತೀರಿಕೊಂಡು, ದೊಡ್ಡವ್ವನೇ ಓಣಿಗೆಲ್ಲ ಅತ್ತೆಯಂತಾದ ಮೇಲೂ ಈ ಹೆಂಗಸಿನ ಬಾಯಲ್ಲಿ ಅವಳು ಸೂನಬಾಯಿಯೇ. ಅದು ದೊಡ್ಡವ್ವನಿಗೆ ಒಳಗೊಳಗೇ ಉರಿ.

ದಾನದ ದಿನ ಮೊರದಲ್ಲಿ ಆ ಹಿತ್ತಾಳೆಯ ಸೇರಿನಿಂದ ಅಳೆದ ಐದು ಸೇರು ಅಕ್ಕಿ, ಬೆಲ್ಲದ ಹೆಂಟೆ, ತೆಂಗಿನಕಾಯಿ, ಒಂದು ಕುಪ್ಪಸದ ಖಣ. ದಾನ ತೆಗೆದುಕೊಳ್ಳುವವರು ಹಿತ್ತಲ ಬಾಗಿಲಿಗೆ ಬರುವುದು ವಾಡಿಕೆ. ಧೋಂಡೂಬಾಯಿ ಅಂದು ಮುಂಬಾಗಿಲಿಗೆ ಬರುವಳು. ಅಕ್ಕಿಯನ್ನು ಅಂಗೈಯಲ್ಲಿ ಹಾಕಿ ಉಜ್ಜಿ ನೋಡುವಳು. ಒಂದು ವರ್ಷವಂತೂ ನುಚ್ಚು ಬಹಳ ಇದೆ ಎಂದು ಬದಲಿಸಲು ಹೇಳಿದಳು! ಎಲ್ಲ ಮುಗಿದ ಮೇಲೆ ಅದೇ ಅಕ್ಕಿಯಲ್ಲಿ ಐದು ಹಿಡಿ ತೆಗೆದು, ದೊಡ್ಡವ್ವನ ಸೆರಗು ಒಡ್ಡಿಸಿ, ಉಡಿ ತುಂಬಿ, ಸುಖವಾಗಿರಿ ಎಂದು ಹೇಳಿ ಹೊರಟುಹೋಗುವಳು. ದೊಡ್ಡವ್ವ ಬಾಗಿಲು ಹಾಕಿಕೊಂಡು ಗೊಣಗುವಳು. ಕೈ ಮುಗಿಯುವುದಿಲ್ಲ, ಕಾಲಿಗೆ ಬೀಳುವುದಿಲ್ಲ, ನಮ್ಮ ಅಕ್ಕಿಯನ್ನೇ ತೆಗೆದು ನಮಗೇ ಉಡಿ ತುಂಬುತ್ತಾಳೆ, ಇಷ್ಟು ಸೊಕ್ಕಿನ ಬಡವರನ್ನು ನಾನು ಕಂಡಿಲ್ಲ ಎಂದು.

ಆ ಉಡಿಯ ಅಕ್ಕಿಯ ಪಾಯಸವನ್ನು ಮಾತ್ರ ನಾವು ಬಿಡದೆ ಉಣ್ಣುತ್ತಿದ್ದೆವು. ನಾನು ಎರಡು ಸಲ ಬಡಿಸಿಕೊಳ್ಳುತ್ತಿದ್ದೆ.

ಮುಂದೆ ನಾನು ಬೆಳಗಾವಿಯ ಕಾಲೇಜಿನಲ್ಲಿ ಇತಿಹಾಸದ ಮಾಸ್ತರನಾದೆ. ಅಮೆರಿಕದ ಇತಿಹಾಸ ಕಲಿಸುವಾಗ ಚೆರೋಕೀ ಜನರ ಪಾಠ ನನ್ನ ವಿಶೇಷ. ನದಿದಂಡೆಯ ಅವರ ಊರುಗಳಿಗೆ ಹೊರಗಿನವರು ಬಂದದ್ದು, ಕೊನೆಗೆ ಅವರನ್ನೇ ದೊಡ್ಡ ನದಿಯಾಚೆ ನಡೆಸಿಕೊಂಡು ಹೋಗಿ ಬಿಟ್ಟದ್ದು, ಊರುಗಳು ಮಾತ್ರ ಅವರಿಟ್ಟ ಹೆಸರುಗಳನ್ನು ಹೊತ್ತು ಅಲ್ಲೇ ಉಳಿದದ್ದು. ಇದನ್ನು ಹೇಳುವಾಗ ನನ್ನ ದನಿ ನಡುಗುತ್ತಿತ್ತು. ಕೊನೆಯ ಬೆಂಚಿನವರೂ ಮೊಬೈಲು ಕೆಳಗಿಡುತ್ತಿದ್ದರು. ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದು, ಡಬ್ಬಿ ಬಿಚ್ಚಿ, ದೊಡ್ಡವ್ವ ಊರಿನಿಂದ ಕಳಿಸಿದ ಧೋಂಡೂಬಾಯಿಯ ಬೆಣ್ಣೆ ಹಚ್ಚಿದ ರೊಟ್ಟಿ ತಿನ್ನುತ್ತಿದ್ದೆ. ಎಂಟುಸಾವಿರ ಮೈಲಿ ಆಚೆಗಿನ ಅನ್ಯಾಯ ಕಾಣುವಷ್ಟು ದೃಷ್ಟಿ ಚುರುಕಾಗಿದ್ದರೆ ಕೈಯಲ್ಲಿರುವ ರೊಟ್ಟಿ ಕಾಣದಿರುವುದು ಸಹಜ.

ಹೋದ ವರ್ಷದ ಮಾತು. ದೊಡ್ಡಪ್ಪ ತೀರಿ ಹತ್ತು ವರ್ಷದ ಮೇಲಾಗಿತ್ತು. ಕಣ್ಣಿನ ಆಪರೇಷನ್ನಿಗೆಂದು ಬೆಳಗಾವಿಗೆ ಬಂದ ದೊಡ್ಡವ್ವ ನಮ್ಮಲ್ಲೇ ಉಳಿದಿದ್ದಳು. ಮಿರಗಕ್ಕೆ ಮುಂಚೆ ಮಾತ್ರ ಎಂಟು ದಿನ ಖಾನಾಪುರಕ್ಕೆ ಹೋಗಿ ದಾನ ಮಾಡಿ ಬರುವಳು. ಆ ಬೇಸಿಗೆಯಲ್ಲಿ ಊರಿನ ಹಿರಿಯರ ಒಂದು ಕಮಿಟಿಯಿಂದ ನನಗೆ ಫೋನು ಬಂತು. ಹೊಳೆಗೆ ಹೊಸ ಮೆಟ್ಟಿಲು ಕಟ್ಟಿದ್ದಾರೆ, ಹೊಸ ನೀರು ಬಂದಾಗ ದೊಡ್ಡ ಕಾರ್ಯಕ್ರಮ, ಊರಿನ ಮೂಲ ಮನೆತನದವರಿಗೆ ಶಾಲು ಹೊದಿಸಿ ಅವರಿಂದ ಮೊದಲ ಬಾಗಿನ ಕೊಡಿಸುತ್ತೇವೆ, ನಿಮ್ಮ ಹೆಸರೇ ಮುಂದಿದೆ ಎಂದರು. ಆದರೆ ಪೇಟೆಯ ಇನ್ನೊಂದು ಮನೆಯವರೂ ತಾವೇ ಮೂಲದವರು ಅನ್ನುತ್ತಿದ್ದಾರೆ, ಆದ್ದರಿಂದ ಸ್ಮರಣ ಸಂಚಿಕೆಗೆ ನೀವೇ ಆಧಾರ ಸಹಿತ ಒಂದು ಲೇಖನ ಬರೆಯಿರಿ ಎಂದರು. ದೊಡ್ಡವ್ವನಿಗೆ ಸುದ್ದಿ ಹೇಳಿದೆ. ಅವಳು ಅಂದೇ ಟ್ರಂಕಿನಿಂದ ಇಳಕಲ್ ಸೀರೆ ತೆಗೆದು ಬಿಸಿಲಿಗೆ ಹಾಕಿದಳು.

ಆಧಾರ ಎಂದರೆ ನಮ್ಮಲ್ಲಿ ಇದ್ದದ್ದು ಬಿಳಿ ಕುದುರೆ ಒಂದೇ. ಅದರ ಮೇಲೆ ಲೇಖನ ನಿಲ್ಲದು. ಆಗ ದೊಡ್ಡವ್ವನೇ ಧೋಂಡೂಬಾಯಿಯನ್ನು ನೆನಪಿಸಿದಳು. ತಲೆಮಾರುಗಳಿಂದ ನಮ್ಮಿಂದ ದಾನ ತೆಗೆದುಕೊಂಡವರು ಅವರು, ನಮ್ಮ ಮನೆತನ ಎಷ್ಟು ಹಳೆಯದೆಂದು ಅವಳೇ ಹೇಳುತ್ತಾಳೆ, ಹೋಗಿ ಬರೆದುಕೊಂಡು ಬಾ ಎಂದಳು. ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ದೇಸೂರು ದಾಟುವ ತನಕ ನಿಂತೇ ಹೋದೆ. ಸೀಟು ಸಿಕ್ಕ ಮೇಲೆ ಪಕ್ಕದವರು ಮೂಲ ಯಾವೂರು ಎಂದು ಕೇಳಿದರು. ಖಾನಾಪುರದ ಸ್ಟ್ಯಾಂಡ್ ಬರುವ ತನಕ ಅವರು ಕುದುರೆಯ ಕಥೆ ಕೇಳಬೇಕಾಯಿತು.

ವಾಡಾದಲ್ಲಿ ಧೋಂಡೂಬಾಯಿ ಅಂಗಳದಲ್ಲಿ ಕೂತು ಮೂಲಂಗಿ ಸೊಪ್ಪು ಬಿಡಿಸುತ್ತಿದ್ದಳು. ಎಂಬತ್ತು ದಾಟಿರಬೇಕು, ಬೆನ್ನು ಬಾಗಿತ್ತು. ಮಜ್ಜಿಗೆ ಕೊಟ್ಟಳು. ನಾನು ನೋಟ್‌ಬುಕ್ಕು ತೆಗೆದು, ನಮ್ಮ ಮನೆತನದವರು ಊರಿಗೆ ಬಂದ ಕಥೆ ಗೊತ್ತೇ ಎಂದು ಕೇಳಿದೆ. ಗೊತ್ತಿಲ್ಲದೆ ಏನು ಎಂದು ಅವಳು ಹೇಳತೊಡಗಿದಳು. ಹೊಳೆಯ ದಂಡೆಯಲ್ಲಿ ಆಗ ಇದ್ದದ್ದು ಅವರ ಎಮ್ಮೆಗಳ ದಡ್ಡಿ ಮಾತ್ರ. ಗೋವೆಯ ಘಟ್ಟಕ್ಕೆ ಮೆಣಸಿನಕಾಯಿ ಹೇರಿಕೊಂಡು ಹೊರಟಿದ್ದ ಒಂದು ಚಕ್ಕಡಿ ಮಳೆಗೆ ಸಿಕ್ಕು ಅಲ್ಲಿ ಅಚ್ಚು ಮುರಿದುಕೊಂಡು ಕೂತಿತು. ಹೊಳೆ ತುಂಬಿತ್ತು. ಚಕ್ಕಡಿಯಲ್ಲಿದ್ದ ಹೆಂಗಸಿಗೆ ದಿನ ತುಂಬಿತ್ತು. ಧೋಂಡೂಬಾಯಿಯ ಅಜ್ಜಿಯ ಅಜ್ಜಿಯೋ ಯಾರೋ ಆಕೆಗೆ ದಡ್ಡಿಯ ಬಾಜುವಿನಲ್ಲಿ ಮರೆ ಕಟ್ಟಿಕೊಟ್ಟು ಬಾಣಂತನ ಮಾಡಿದಳು.

ಕುದುರೆ ಇರಲಿಲ್ಲವೇ ಎಂದು ಕೇಳಿದೆ. ಒಂದು ಎತ್ತು ಬಿಳಿ ಇತ್ತಂತೆ, ಅದೂ ಕುಂಟ ಎಂದಳು.

‘ಮಳಿ ನಿಲ್ಲೂತನಕ ಇರತೇವಿ ಅಂತ ಕೇಳಿದ್ರು ತಮ್ಮಾ, ನಿಮ್ಮೋರು. ಮರು ವರ್ಷ ಮಳಿಗಿಂತ ಮೊದಲ ಐದ ಸೇರು ಅಕ್ಕಿ ತಂದು, ಇದೊಂದ ಮಳಿಗಾಲ ಇರತೇವಿ ಅಂದ್ರು. ನಾವು ಹೂಂ ಅಂದ್ವಿ. ಹಂಗ ನಡದೈತಿ.’

ನನ್ನ ಪೆನ್ನು ನಿಂತಿತು. ಅವಳು ಬೇಸರದಿಂದಾಗಲಿ, ಚುಚ್ಚಿಯಾಗಲಿ ಹೇಳಲಿಲ್ಲ. ಬಾಡಿಗೆದಾರರು ವರ್ಷ ವರ್ಷ ತಪ್ಪದೆ ನಡೆದುಕೊಂಡಿದ್ದಾರೆ ಎಂಬ ತೃಪ್ತಿಯಷ್ಟೇ ಅವಳ ಮುಖದಲ್ಲಿತ್ತು. ಮನೆಗಳು ಹೆಚ್ಚಾದ ಹಾಗೆ ಅವರೇ ದಂಡೆಯಿಂದ ಎದ್ದು ಹಿಂದೆ ಸರಿದಿದ್ದರು, ಆಮೇಲೆ ರೈಲು ಬಂತೆಂದು ಇನ್ನೂ ಹಿಂದೆ, ಈಗಿರುವ ಜಾಗಕ್ಕೆ. ಅವಳ ಅಜ್ಜಿ ಹುಟ್ಟಿದ್ದೂ ಈ ವಾಡಾದಲ್ಲೇ. ನೋಟ್‌ಬುಕ್ಕು ಮುಚ್ಚಿ ಏಳಬೇಕೆಂದಿದ್ದಾಗ ಅವಳು ಗೂಟಕ್ಕೆ ನೇತುಹಾಕಿದ್ದ ಪ್ಲಾಸ್ಟಿಕ್ ಚೀಲದಿಂದ ಒಂದು ಕಾಗದ ತೆಗೆದು, ನೀನು ಓದಿದವನು, ಇದನ್ನು ಓದು ಎಂದಳು.

ನೋಟೀಸಿನಲ್ಲಿದ್ದದ್ದು ಇಷ್ಟು. ಕಾಡಿನ ಜಾಗದಲ್ಲಿ ಮೂರು ತಲೆಮಾರಿನಿಂದ ನೆಲೆಸಿದ್ದೇವೆಂದು ತೋರಿಸಿದರೆ ಜಾಗದ ಹಕ್ಕು ಸಿಗುತ್ತದೆ, ತೋರಿಸದಿದ್ದರೆ ವಾಡಾ ತೆರವು ಮಾಡಬೇಕು. ವಿಚಾರಣೆಯ ದಿನ ದಾಖಲೆ ತರಬೇಕು, ದಾಖಲೆ ಇಲ್ಲದಿದ್ದರೆ ಊರಿನ ಹಿರಿಯರೊಬ್ಬರ ಲಿಖಿತ ಸಾಕ್ಷಿ. ವಾಡಾದಲ್ಲಿ ಕಾಗದ ಎಂಬುದೇ ಆ ನೋಟೀಸು ಒಂದು. ಸೂನಬಾಯಿ ಬರುತ್ತಾಳೆಯೇ ಕೇಳು ಎಂದಳು ಧೋಂಡೂಬಾಯಿ. ಕಾಗದವನ್ನು ಮಡಿಚಿ ಚೀಲಕ್ಕೆ ಹಾಕಿ, ಚೀಲದ ಬಾಯಿಗೆ ಎರಡು ಗಂಟು ಹಾಕಿದಳು. 

ಬೆಳಗಾವಿಗೆ ಬಂದು ಎರಡೂ ಬರವಣಿಗೆಗೆ ಕೂತೆ. ಸಂಚಿಕೆಗೆ ನಾವು ಮೂಲದವರೆಂದು ಲೇಖನ. ವಿಚಾರಣೆಗೆ ಗೌಳಿಗರು ತಲೆಮಾರುಗಳಿಂದ ಇದ್ದಾರೆಂದು ಸಾಕ್ಷಿ. ಇತಿಹಾಸದ ಮಾಸ್ತರನಿಗೆ ಎರಡು ಇತಿಹಾಸ ಬರೆಯುವುದೇನು ಕಷ್ಟ? ಸಾಕ್ಷಿಯಲ್ಲಿ ಜಾಣತನದಿಂದ, ‘ನಮ್ಮ ಮನೆತನದವರು ಪ್ರತಿ ವರ್ಷ ಇವರಿಗೆ ಅಕ್ಕಿ ದಾನ ಮಾಡುತ್ತ ಬಂದಿದ್ದಾರೆ’ ಎಂದು ಬರೆದೆ. ಹೀಗೆ ಬರೆದರೆ ವಾಡಾವೂ ಉಳಿಯುತ್ತದೆ, ಶಾಲೂ ಉಳಿಯುತ್ತದೆ ಎಂದು ನನ್ನ ಲೆಕ್ಕ. ಈಗ ವಕೀಲಿ ಮಾಡುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗೆ ತೋರಿಸಿದೆ. ಅವನು ಓದಿ ತಲೆ ಅಲ್ಲಾಡಿಸಿದ.

‘ಸರ್, ದಾನ ಅಂತ ಬರದ್ರ ಕೇಸ್ ಮುಗೀತ್ರಿ. ದಾನ ಬೇಡಾವ್ರು ಹತ್ತೂರು ತಿರಗತಾರ, ಅವರಿಗೆ ನೆಲಿ ಎಲ್ಲಿ ಐತಿ ಅಂತಾರ. ಜಾಗಾದ ಯಜಮಾನ್ರು ಅಂತ ಕೊಟ್ಟದ್ದಿದ್ರ ಹಂಗ ಬರೀರಿ. ಆಗ ನಿಲ್ಲತೈತಿ.’

ಹಾಗೆ ಬರೆದರೆ ನಾವು ಮಳೆಗೆ ಸಿಕ್ಕು ನಿಂತವರು ಎಂದಾಗುತ್ತದೆ. ಪೇಟೆಯವರು ಆ ಕಾಗದವನ್ನು ಕಮಿಟಿಯ ಮುಂದೆ ಇಡುವುದಕ್ಕೆ ಎಷ್ಟು ಹೊತ್ತು? ನಾನು ತೀರ್ಮಾನವನ್ನು ದೊಡ್ಡವ್ವನ ಮೇಲೆ ಹಾಕಿದೆ. ಸಾಕ್ಷಿ ಅವಳದು, ಸಹಿ ಅವಳದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಧೈರ್ಯ ಇರಲಿಲ್ಲ. ಶಾಲು ಹೊದ್ದುಕೊಂಡ ಫೋಟೋ ಕಾಲೇಜಿನ ಗ್ರೂಪಿಗೆ ಹಾಕಬೇಕೆಂದು ನನಗೂ ಆಸೆ ಇತ್ತು.

ಧೋಂಡೂಬಾಯಿ ಹೇಳಿದ್ದನ್ನೆಲ್ಲ ದೊಡ್ಡವ್ವನಿಗೆ ಹೇಳಿದೆ. ಚಕ್ಕಡಿ, ಮೆಣಸಿನಕಾಯಿ, ಕುಂಟ ಎತ್ತು. ಅವಳು ಸುಳ್ಳು ಎಂದಳು. ಆಮೇಲೆ ಮೂರು ದಿನ ನನ್ನ ಸಂಗಡ ಮಾತಿಲ್ಲ. ಚಹಾ ಬೇಕೇ ಎಂದು ನಾನು ಕೇಳಿದರೆ ನನ್ನ ಹೆಂಡತಿಗೆ ಉತ್ತರ ಹೇಳುತ್ತಿದ್ದಳು. ಇಳಕಲ್ ಸೀರೆಯನ್ನು ಎರಡು ಸಲ ಮಡಿಚಿದಳು, ಎರಡು ಸಲ ಬಿಚ್ಚಿದಳು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಪೇಪರು ಓದುತ್ತಿದ್ದಾಗ ಎದುರಿಗೆ ಬಂದು ಕೂತಳು. ಬರೆದದ್ದನ್ನು ಓದು ಎಂದಳು. ಓದಿದೆ. ‘ದಾನ’ ಎಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದಳು.

‘ಅದನ್ನ ಹೊಡಿ ತಮ್ಮಾ. ದಾನಾ ತಗೊಂಡಾಕಿ ಎಲ್ಲೆರೆ ಕೊಟ್ಟಾಕಿಗೆ ಉಡಿ ತುಂಬತಾಳೇನು? ಮನಿಯಾಕಿ, ಬಂದಾಕಿಗೆ ತುಂಬತಾಳ. ಐವತ್ತು ವರ್ಷ ಸೆರಗ ಒಡ್ಡೇನಿ, ಇಷ್ಟ ನನಗ ತಿಳೀಲಿಲ್ಲ.’

ನನಗೂ ತಿಳಿದಿರಲಿಲ್ಲ. ನಮ್ಮ ಕಡೆ ಮನೆಗೆ ಬಂದ ಹೆಣ್ಣುಮಗಳು ಹೊರಟಾಗ ಆ ಮನೆಯ ಹೆಂಗಸು ಉಡಿ ತುಂಬಿ ಕಳಿಸುತ್ತಾಳೆ. ಯಾರು ಯಾರಿಗೆ ತುಂಬಬೇಕೆಂಬುದು ಮೂರು ವರ್ಷದ ಕೂಸಿಗೂ ಗೊತ್ತು. ನಮ್ಮದೇ ಹೊಸ್ತಿಲಲ್ಲಿ, ನಮ್ಮದೇ ಅಕ್ಕಿಯಿಂದ ಪ್ರತಿ ವರ್ಷ ನಡೆಯುತ್ತಿದ್ದುದರಿಂದ ನಮಗೆ ಮಾತ್ರ ಅದು ಕಾಣಲಿಲ್ಲ. ದೊಡ್ಡವ್ವ ಇನ್ನೊಂದು ಮಾತು ಹೇಳಿದಳು. ದೊಡ್ಡಪ್ಪ ಹೋದ ಮೇಲೆ ಮದುವೆ-ಮುಂಜಿಗಳಲ್ಲಿ ವಿಧವೆಯೆಂದು ಅವಳ ಉಡಿ ತುಂಬದೆ ಕೈಗೆ ಒಂದು ಬಾಳೆಹಣ್ಣು ಕೊಟ್ಟು ಮುಂದೆ ಹೋಗುತ್ತಿದ್ದರು, ಸ್ವಂತ ತಂಗಿಯ ಮನೆಯಲ್ಲೂ. ಅಂದಿನಿಂದ ಇಂದಿನವರೆಗೂ ಅವಳ ಉಡಿ ತುಂಬಿದವಳು ಧೋಂಡೂಬಾಯಿ ಒಬ್ಬಳೇ. ಇದನ್ನು ಹೇಳುವಾಗ ದೊಡ್ಡವ್ವ ಅತ್ತಳು. ಆಪರೇಷನ್ ಆದ ಕಣ್ಣು, ಅಳಬೇಡ ಎಂದೆ. ಮೂರ್ಖನ ಹಾಗೆ ಅದೊಂದೇ ನನಗೆ ತೋಚಿದ್ದು.

‘ದಾನ’ ಹೊಡೆದುಹಾಕಿ, ಜಾಗದ ಒಡೆಯರಾದ ಗೌಳಿಗರಿಗೆ ನಮ್ಮ ಹಿರಿಯರು ಒಪ್ಪಿ ನಡೆಸಿಕೊಂಡು ಬಂದ ಕೊಡುಗೆ ಎಂದು ಬರೆದೆ. ಸಂಚಿಕೆಗೂ ಅದನ್ನೇ ಬರೆದು ಕಳಿಸಿದೆ. ಕಮಿಟಿಯವರು ಲೇಖನ ಬಹಳ ಚೆನ್ನಾಗಿದೆ, ಆದರೆ ಪುಟ ಹೆಚ್ಚಾದವು ಎಂದರು. ಶಾಲು ಪೇಟೆಯ ಮನೆಗೆ ಹೋಯಿತು. ಅವರ ಹಿರಿಯರು ಬಂದದ್ದು ಕರಿ ಕುದುರೆಯ ಮೇಲಂತೆ.

ವಿಚಾರಣೆಯ ದಿನ ದೊಡ್ಡವ್ವ ಆ ಇಳಕಲ್ ಸೀರೆಯನ್ನೇ ಉಟ್ಟಳು. ತಾಲೂಕು ಕಚೇರಿಯ ಒಂದು ಕೋಣೆ. ಮೇಜಿನ ಆಚೆ ಚಿಕ್ಕ ವಯಸ್ಸಿನ ಮೇಡಂ ಒಬ್ಬರು, ಪಕ್ಕದಲ್ಲಿ ಗುಮಾಸ್ತ. ಗೋಡೆಯ ಬದಿಯ ಬೆಂಚಿನ ಮೇಲೆ ಧೋಂಡೂಬಾಯಿ ಮತ್ತು ವಾಡಾದ ನಾಲ್ಕು ಜನ. ಮೇಡಂ ಸಾಕ್ಷಿಯನ್ನು ಪೂರ್ತಿ ಓದಿದರು. ಒಳ್ಳೆಯ ಸಾಕ್ಷಿ ಎಂದರು. ನನ್ನ ಮನಸ್ಸು ಹಗುರಾಯಿತು. ಆಮೇಲೆ ಗುರುತಿನ ಚೀಟಿ ಕೇಳಿದರು.

ದೊಡ್ಡವ್ವನ ಆಧಾರ್ ಕಾರ್ಡಿನಲ್ಲಿ ಇದ್ದದ್ದು ನಮ್ಮ ಬೆಳಗಾವಿಯ ವಿಳಾಸ. ಆಪರೇಷನ್ನಿಗೆ ಅನುಕೂಲವಾಗಲೆಂದು ಬದಲಿಸಿದ ಜಾಣ ನಾನೇ. ಅಜ್ಜಿ, ನೀವು ಬೆಳಗಾವಿಯವರು, ಖಾನಾಪುರದ ಮಾತು ನಿಮಗೆ ಹೇಗೆ ಗೊತ್ತು ಎಂದರು ಮೇಡಂ. ದೊಡ್ಡವ್ವ ಬೆನ್ನು ನೇರ ಮಾಡಿ, ನಾವು ಮೂಲ ಎಂದು ಶುರುಮಾಡಿ, ಅರ್ಧಕ್ಕೇ ಬಾಯಿ ಮುಚ್ಚಿಕೊಂಡಳು. ಐವತ್ತು ವರ್ಷ ಇಲ್ಲಿದ್ದದ್ದಕ್ಕೆ ಏನಾದರೂ ಕಾಗದ ಇದೆಯೇ ಎಂದು ಕೇಳಿದರು. ಮನೆಯ ಪತ್ರ ದೊಡ್ಡಪ್ಪನ ಹೆಸರಿನಲ್ಲಿತ್ತು, ಅಲ್ಲಿಂದ ನೇರ ನನ್ನ ಹೆಸರಿಗೆ ಬಂತು. ಲಗ್ನದ ಸರ್ಟಿಫಿಕೇಟು ಆ ಕಾಲದಲ್ಲಿ ಯಾರು ಮಾಡಿಸಿದ್ದರು? ಹುಟ್ಟಿದ ಮನೆಯ ಹೆಸರು ಬೇರೆ, ಗಂಡನ ಮನೆಯಲ್ಲಿಟ್ಟ ಹೆಸರು ಬೇರೆ. ಒಂದು ಊರಿನಲ್ಲಿ ಇಡೀ ಆಯುಷ್ಯ ಕಳೆದ ಹೆಂಗಸು ಆ ಊರಿನ ಒಂದು ಕಾಗದದಲ್ಲೂ ಇರಲಿಲ್ಲ.

ಸಾಕ್ಷಿ ಬಿದ್ದುಹೋಗುತ್ತದೆ, ಅದರ ಜೊತೆ ವಾಡಾವೂ ಎಂದುಕೊಂಡೆ. ಮೇಡಂ ಪೆನ್ನು ಕೆಳಗಿಟ್ಟು, ಈ ಅಜ್ಜಿಯನ್ನು ಮೊದಲಿನಿಂದ ಬಲ್ಲ ಹಿರಿಯರು ಊರಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ದೊಡ್ಡವ್ವ ಯೋಚಿಸಿದಳು. ಬಲ್ಲವರೆಲ್ಲ ಹೋಗಿಬಿಟ್ಟಿದ್ದರು.

ಬೆಂಚಿನಿಂದ ಧೋಂಡೂಬಾಯಿ ಎದ್ದಳು. ಗೋಡೆ ಹಿಡಿದು ಮೇಜಿನ ಹತ್ತಿರ ಬಂದಳು. ಅರ್ಜಿದಾರರೇ ಸಾಕ್ಷಿದಾರರಿಗೆ ಸಾಕ್ಷಿ ಹೇಳುವುದು ಪದ್ಧತಿ ಅಲ್ಲ ಎಂದು ಗುಮಾಸ್ತ ಏನೋ ಹೇಳಲು ಹೋದ. ಅವಳು ಅವನ ಕಡೆ ನೋಡಲಿಲ್ಲ.

‘ಈಕಿ ಈ ಊರಿಗೆ ಸೂನಬಾಯಿ ಆಗಿ ಬಂದ ದಿನದಿಂದ ನನಗ ಗೊತ್ರಿ, ಬಾಯಾರ. ಈಕಿ ಅತ್ತಿನ್ನೂ ಬಲ್ಲೆ, ಅವರ ಅತ್ತಿನ್ನೂ ಕಂಡೇನಿ. ಇವರ ಮಂದಿಗೆ ಜಾಗಾ ಕೊಟ್ಟಾವ್ರು ನಾವ. ಛಲೋ ಮಂದಿ. ಇರಲಿ ಬಿಡ್ರಿ ಇಲ್ಲೇ.’

  ಮೇಡಂ ಒಂದು ಹಾಳೆ ತೆಗೆದು, ನೀಲವ್ವ ಎಂಬುವವರ ಕುಟುಂಬ ಬಹುಕಾಲದಿಂದ ಖಾನಾಪುರದ ನಿವಾಸಿಗಳೆಂದು ತಮಗೆ ಖುದ್ದಾಗಿ ತಿಳಿದಿದೆ ಎಂದು ಧೋಂಡೂಬಾಯಿಯ ಹೇಳಿಕೆಯಾಗಿ ಬರೆದು, ಓದಿ ಹೇಳಿ, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು ಶಿಕ್ಕಾ ಹಾಕಿದರು. ದೊಡ್ಡವ್ವನ ಸಾಕ್ಷಿಯನ್ನು ಫೈಲಿಗೆ ಸೇರಿಸಿ, ಆ ಹೇಳಿಕೆಯ ನಕಲು ಪ್ರತಿಯನ್ನು ಅವಳ ಕೈಗೆ ಕೊಟ್ಟರು.

ವಾಡಾದ ಅರ್ಜಿಯ ತೀರ್ಮಾನ ಇನ್ನೂ ಬಂದಿಲ್ಲ. ನಮ್ಮದು ಅಂದೇ ಆಯಿತು.